ಬಳಕೆದಾರರು ಬರೆದ ರೆಗೆಕ್ಸನ್ನು ಸರ್ವರ್ ಮಲಗದ ಹಾಗೆ ಪರೀಕ್ಷಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆ ಕಾಫಿ ವ್ಯಾಪಾರಿಗಳಿಗೆ, ಎಸ್ಟೇಟ್ ಆಫೀಸುಗಳಿಗೆ, ಕ್ಯೂರಿಂಗ್ ವರ್ಕ್ಸ್‌ಗಳಿಗೆ ಸಣ್ಣಪುಟ್ಟ ವೆಬ್ ಸ್ಕ್ರಿಪ್ಟ್ ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ಲೋಡ್ ಪಟ್ಟಿ, ಬಿಲ್ ಪಟ್ಟಿ, ಗಾಡಿ ನಂಬರ್ ಪಟ್ಟಿ. ಸ್ವಲ್ಪ ದಿನ ಆದ ಮೇಲೆ ಆಫೀಸಿನಿಂದ ಒಂದು ಬೇಡಿಕೆ ಬರುತ್ತದೆ: "ಹುಡುಕೋ ಜಾಗದಲ್ಲಿ ನಾವೇ ಪ್ಯಾಟರ್ನ್ ಬರೆದು ನೋಡೋ ಹಾಗೆ ಮಾಡಿಕೊಡಿ." ಸರಿ ಅಂತ ಪಿಎಚ್‌ಪಿಯಲ್ಲಿ ಒಂದು ಫಾರ್ಮ್, ಒಂದು ಪ್ರೆಗ್_ಮ್ಯಾಚ್ (ಪ್ಯಾಟರ್ನ್ ಪಠ್ಯಕ್ಕೆ ಹೊಂದುತ್ತದೆಯೇ ಅಂತ ನೋಡುವ ಫಂಕ್ಷನ್) ಹಾಕಿ ಮುಗಿಸುತ್ತಾರೆ. ಸೀಸನ್ ಜೋರಾಗಿದ್ದಾಗ ಒಂದು ದಿನ ಇಡೀ ಸೈಟ್ ಸುತ್ತುತ್ತಾ ನಿಲ್ಲುತ್ತದೆ.

ಎಡವುವ ಜಾಗ ಎಲ್ಲರಿಗೂ ಒಂದೇ. ಪ್ಯಾಟರ್ನನ್ನು ಹೆಸರು, ಫೋನ್ ನಂಬರ್ ತರಹದ ಇನ್‌ಪುಟ್ ಅಂದುಕೊಂಡು ಅದನ್ನು ಶುದ್ಧ ಮಾಡಲು ಹೋಗುತ್ತಾರೆ. ಆದರೆ ರೆಗೆಕ್ಸ್ (ಹುಡುಕಬೇಕಾದ ಪಠ್ಯ ಹೇಗಿರಬೇಕು ಅಂತ ಚಿಹ್ನೆಗಳಲ್ಲಿ ಬರೆಯುವ ಪ್ಯಾಟರ್ನ್) ಒಂದು ಪುಟ್ಟ ಪ್ರೋಗ್ರಾಂ. ಅದನ್ನು ಸ್ವೀಕರಿಸಿದಿರಿ ಅಂದರೆ ಗುರುತಿಲ್ಲದವರ ಪ್ರೋಗ್ರಾಂ ನಿಮ್ಮ ಮಷೀನಿನಲ್ಲಿ ಓಡುತ್ತಿದೆ ಅಂತ ಅರ್ಥ. ಶುದ್ಧ ಮಾಡುವ ಕೆಲಸ ಸ್ವಲ್ಪವೇ ಇದೆ. ಅದು ಎಷ್ಟು ಹೊತ್ತು ಓಡಬಹುದು ಅಂತ ಕಟ್ಟಿಹಾಕುವುದೇ ಮುಖ್ಯ ಕೆಲಸ.

ಫಂಕ್ಷನ್ ಮತ್ತು ಸೆಟ್ಟಿಂಗ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಎಂದಿನ ಕಾಗುಣಿತವನ್ನೇ ಬಳಸಿ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು

ಪಿಎಚ್‌ಪಿ 8 ಇರಲಿ. ಪಿಎಚ್‌ಪಿ 5ರ ಮೇಲೆ ಇನ್ನೂ ಓಡುತ್ತಿರುವ ಹೋಸ್ಟಿಂಗ್ ಆದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಕಾರಣ ಹಂತ 4ರಲ್ಲಿದೆ.

ಶೆಲ್ ಸಿಗುವ ಲಿನಕ್ಸ್ ಸರ್ವರ್ ಇದ್ದರೆ ಎಲ್ಲ ಹಂತಗಳನ್ನೂ ಮಾಡಬಹುದು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಬೇರೆ ಪ್ರೊಸೆಸ್ ಶುರು ಮಾಡುವ ಫಂಕ್ಷನ್‌ಗಳನ್ನು ಸಾಮಾನ್ಯವಾಗಿ ಮುಚ್ಚಿಟ್ಟಿರುತ್ತಾರೆ. ಅಂಥ ಕಡೆ ಹಂತ 2ರ ಬ್ರೌಸರ್ ದಾರಿಯೇ ಗತಿ.

ಪರೀಕ್ಷೆಗೆ ಒಂದು ಪಠ್ಯದ ಫೈಲ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಪಿನ್ ಕೋಡ್‌ಗಳು (ಹಾಸನ 573201, ಚಿಕ್ಕಮಗಳೂರು 577101), ಕೆಎ-13, ಕೆಎ-18 ಗಾಡಿ ನಂಬರ್‌ಗಳು, "ಅರೇಬಿಕಾ ಪಾರ್ಚ್‌ಮೆಂಟ್", "ರೋಬಸ್ಟಾ ಚೆರಿ" ತರಹದ ಕನ್ನಡ ಸಾಲುಗಳು ಎಲ್ಲ ಸೇರಿರಲಿ. ಬರೀ ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷೆ ಮಾಡಿದರೆ ಅರ್ಧ ತಪ್ಪುಗಳು ಕಣ್ಣಿಗೇ ಬೀಳುವುದಿಲ್ಲ. ಪಕ್ಕದ ಟರ್ಮಿನಲ್‌ನಲ್ಲಿ ಟಾಪ್ ಕಮಾಂಡ್ (ಯಾವ ಪ್ರೊಸೆಸ್ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವುದು) ಓಡುತ್ತಿರಲಿ.

## ಹಂತ 1: ನಿಜವಾಗಿ ರೆಗೆಕ್ಸ್ ಬೇಕಾ ಅಂತ ಕೇಳಿ

ಆಫೀಸಿನವರು "ಪ್ಯಾಟರ್ನ್" ಅಂದಾಗ ಅವರ ಮನಸ್ಸಿನಲ್ಲಿರುವುದು ಬಹಳ ಸಲ ಇಷ್ಟೇ: 573ರಿಂದ ಶುರುವಾಗುವ ಪಿನ್‌ಗಳೆಲ್ಲ ಬರಲಿ, ಅಥವಾ "ಚೆರಿ" ಅನ್ನುವ ಪದ ಇರುವ ಬಿಲ್‌ಗಳೆಲ್ಲ ಬರಲಿ. ಅದಕ್ಕೆ ಸಾದಾ ಹುಡುಕಾಟ ಸಾಕು. ಎಂಬಿ_ಸ್ಟ್ರೈಪಾಸ್ ಹಾಕಿ, ಕೆಲಸ ಮುಗಿಯಿತು.

"ಇಲ್ಲಿ ಏನಿದ್ದರೂ ಸರಿ" ಅನ್ನುವ ನಕ್ಷತ್ರ ಚಿಹ್ನೆ (`*`) ಒಂದೇ ಬೇಕು ಅಂದರೆ ಮೊದಲು ಇಡೀ ಇನ್‌ಪುಟ್ಟನ್ನು ಪ್ರೆಗ್_ಕೋಟ್‌ಗೆ ಕೊಡಿ. ವಿಶೇಷ ಚಿಹ್ನೆಗಳ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ ಅವನ್ನು ಸಾದಾ ಮಾಡುವುದು, ಅಂದರೆ ಎಸ್ಕೇಪ್ ಮಾಡುವುದು, ಅದರ ಕೆಲಸ. ಆಮೇಲೆ ಎಸ್ಕೇಪ್ ಆದ ನಕ್ಷತ್ರವನ್ನು ಮಾತ್ರ ನಿಮ್ಮದೇ ಸುರಕ್ಷಿತ ತುಣುಕಿಗೆ ಬದಲಿಸಿ. ನಕ್ಷತ್ರಗಳು ಎರಡು ಮೂರಕ್ಕಿಂತ ಜಾಸ್ತಿ ಇರದಂತೆ ನೋಡಿಕೊಳ್ಳಿ.

ಇಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಬಳಕೆದಾರರ ರೆಗೆಕ್ಸನ್ನು "ಸುರಕ್ಷಿತ" ಮಾಡಲು ಅದನ್ನೇ ಪ್ರೆಗ್_ಕೋಟ್‌ಗೆ ಹಾಕುತ್ತಾರೆ. ಆಗ ಅದು ರೆಗೆಕ್ಸ್ ಆಗಿ ಉಳಿಯುವುದಿಲ್ಲ. ಚುಕ್ಕೆ ಬರೀ ಚುಕ್ಕೆ, ಪ್ಲಸ್ ಬರೀ ಪ್ಲಸ್. "ಟೂಲ್ ಏನೂ ಹುಡುಕ್ತಾ ಇಲ್ಲ" ಅನ್ನುವ ದೂರು ಬಂದರೆ ಮೊದಲು ಇದನ್ನೇ ನೋಡಿ.

## ಹಂತ 2: ಎಲ್ಲಿ ಓಡಿಸಬೇಕು ಅಂತ ತೀರ್ಮಾನಿಸಿ

ಬಳಕೆದಾರರು ತಮ್ಮ ಪ್ಯಾಟರ್ನನ್ನು ತಮ್ಮದೇ ಪಠ್ಯದ ಮೇಲೆ ಪರೀಕ್ಷಿಸುವುದಾದರೆ ಅದು ಸರ್ವರ್‌ಗೆ ಬರಬೇಕಾದ ಅಗತ್ಯವೇ ಇಲ್ಲ. ಬ್ರೌಸರ್‌ನಲ್ಲೇ ಓಡಲಿ. ಕೆಟ್ಟ ಪ್ಯಾಟರ್ನ್ ಬರೆದರೆ ಅವರದೇ ಟ್ಯಾಬ್ ನಿಧಾನವಾಗುತ್ತದೆ, ನಿಮ್ಮ ಸರ್ವರ್‌ಗೆ ಏನೂ ಆಗುವುದಿಲ್ಲ. ಮೂಡಿಗೆರೆ ಕಡೆ ಮಳೆಗಾಲದ ನೆಟ್‌ವರ್ಕ್‌ನಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ: ಪ್ರತಿ ಸಲ ಸರ್ವರ್‌ಗೆ ಹೋಗಿಬರುವುದು ತಪ್ಪುತ್ತದೆ.

ಆದರೆ ಪುಟದ ಮುಖ್ಯ ಜಾವಾಸ್ಕ್ರಿಪ್ಟ್‌ನಲ್ಲಿ ನೇರವಾಗಿ ಓಡಿಸಬೇಡಿ. ಜಾವಾಸ್ಕ್ರಿಪ್ಟ್‌ನ ರೆಗೆಕ್ಸ್‌ಗೆ ಟೈಮ್‌ಔಟ್ ಕೊಡುವ ವ್ಯವಸ್ಥೆ ಇಲ್ಲ. ಒಂದು ವೆಬ್ ವರ್ಕರ್ (ಪುಟದ ಹಿನ್ನೆಲೆಯಲ್ಲಿ ಬೇರೆಯಾಗಿ ಓಡುವ ಸ್ಕ್ರಿಪ್ಟ್) ತೆರೆಯಿರಿ, ಪ್ಯಾಟರ್ನ್ ಮತ್ತು ಪಠ್ಯವನ್ನು ಅದಕ್ಕೆ ಕಳಿಸಿ, ಮುಖ್ಯ ಪುಟದಲ್ಲಿ 1 ಸೆಕೆಂಡಿನ ಟೈಮರ್ ಇಡಿ. ಅಷ್ಟರೊಳಗೆ ಉತ್ತರ ಬರದಿದ್ದರೆ ವರ್ಕರ್ ಮೇಲೆ ಟರ್ಮಿನೇಟ್ ಕರೆಯಿರಿ. ಅದು ನಡುವಲ್ಲೇ ನಿಲ್ಲುತ್ತದೆ. ಮುಂದಿನ ಪರೀಕ್ಷೆಗೆ ಹೊಸ ವರ್ಕರ್.

ಬ್ರೌಸರ್ ಸಾಲದ ಸಂದರ್ಭ ಎರಡು. ಹುಡುಕಬೇಕಾದ ದಾಖಲೆ ಸರ್ವರ್‌ನಲ್ಲೇ ಇದೆ ಅನ್ನುವುದು ಒಂದು. ಆ ಪ್ಯಾಟರ್ನನ್ನು ಮುಂದೆ ಪಿಎಚ್‌ಪಿಯಲ್ಲೇ ಬಳಸುವವರಿದ್ದೀರಿ ಅನ್ನುವುದು ಇನ್ನೊಂದು. ಪಿಎಚ್‌ಪಿ ಬಳಸುವ ಪಿಸಿಆರ್‌ಇ ಎಂಜಿನ್‌ನಲ್ಲಿ ಒಮ್ಮೆ ಹಿಡಿದದ್ದನ್ನು ಬಿಟ್ಟುಕೊಡದ ಅಟಾಮಿಕ್ ಗ್ರೂಪ್, ಪೊಸೆಸಿವ್ ಪ್ಲಸ್ (`++`) ಇವೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಲ್ಲ. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಫೇಲ್ ಆಗಬಹುದು.

ಡೇಟಾಬೇಸ್‌ನಲ್ಲಿ ದಾಖಲೆ ಇದೆ ಅಂತ ಪ್ಯಾಟರ್ನನ್ನು ನೇರವಾಗಿ ಮೈಎಸ್‌ಕ್ಯೂಎಲ್‌ಗೆ ಕೊಡುವ ಆಸೆ ಬರುತ್ತದೆ. ಬೇಡ. ಪರೀಕ್ಷೆಯ ಭಾರವನ್ನು ಎಲ್ಲರೂ ಬಳಸುವ ಡೇಟಾಬೇಸ್ ಮೇಲೆ ಯಾಕೆ ಹಾಕಬೇಕು? ತಾರೀಖು, ಪಾರ್ಟಿ ಹೆಸರು ನೋಡಿ ಸಾಲುಗಳನ್ನು ಮೊದಲು ಕಡಿಮೆ ಮಾಡಿ. ಉಳಿದವುಗಳ ಮೇಲೆ ಮಾತ್ರ ರೆಗೆಕ್ಸ್ ಓಡಿಸಿ.

## ಹಂತ 3: ಬಾಗಿಲಲ್ಲೇ ಅಳತೆ

ಇದು ಬೇಗ ಮುಗಿಯುವ ಕೆಲಸ. ಪ್ಯಾಟರ್ನ್ 300 ಬೈಟ್, ಪಠ್ಯ 15,000 ಬೈಟ್ ದಾಟಿದರೆ ವಾಪಸ್ ಕಳಿಸಿ. ಬೈಟ್ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕು. ಹಾಗಾಗಿ ಈ ಮಿತಿಯಲ್ಲಿ ಕನ್ನಡದ ಸುಮಾರು 5,000 ಚಿಹ್ನೆ ಹಿಡಿಸುತ್ತವೆ.

ಎಂಬಿ_ಚೆಕ್_ಎನ್‌ಕೋಡಿಂಗ್‌ನಿಂದ ಎರಡೂ ಸರಿಯಾದ ಯುಟಿಎಫ್-8 ಹೌದೇ ಅಂತ ನೋಡಿ. ಸೊನ್ನೆ ಬೈಟ್ (ಬೆಲೆ ಸೊನ್ನೆ ಇರುವ ನಲ್ ಬೈಟ್) ಇದ್ದರೆ ತಿರಸ್ಕರಿಸಿ.

ಫಾರ್ಮ್ ಪೋಸ್ಟ್‌ನಲ್ಲಿರಲಿ, ಗೆಟ್‌ನಲ್ಲಿ ಬೇಡ. ಗೆಟ್ ಆದರೆ ಒಂದು ಕೆಟ್ಟ ಪ್ಯಾಟರ್ನ್ ಇರುವ ಲಿಂಕ್ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಸಾಕು, ಒತ್ತಿದವರೆಲ್ಲ ಅದನ್ನು ಓಡಿಸಿದಂತೆ. ಟೈಪ್ ಮಾಡುತ್ತಿದ್ದ ಹಾಗೇ ಪ್ರತಿ ಅಕ್ಷರಕ್ಕೂ ಸರ್ವರ್‌ಗೆ ಹೋಗುವ ಫ್ಯಾನ್ಸಿ ಬೇಡ. ಒಂದು "ಪರೀಕ್ಷಿಸು" ಬಟನ್ ಸಾಕು.

ಅಳತೆ ಆಯಿತು, ಇನ್ನು ಭಯವಿಲ್ಲ ಅಂದುಕೊಳ್ಳಬೇಡಿ. ಮುಂದೆ ಬರುವ ಕೆಟ್ಟ ಪ್ಯಾಟರ್ನ್ ಬರೀ 11 ಚಿಹ್ನೆಯದು.

## ಹಂತ 4: ಡಿಲಿಮಿಟರ್ ಮತ್ತು ಮಾಡಿಫೈಯರ್ ನಿಮ್ಮ ಕೈಯಲ್ಲೇ ಇರಲಿ

ಪಿಎಚ್‌ಪಿಯಲ್ಲಿ ಪ್ಯಾಟರ್ನ್‌ನ ಎರಡೂ ತುದಿಗೆ ಡಿಲಿಮಿಟರ್, ಅಂದರೆ ಗಡಿ ತೋರಿಸುವ ಚಿಹ್ನೆ ಬೇಕು. ಎಲ್ಲರೂ ಓರೆಗೆರೆ ಹಾಕುತ್ತಾರೆ. ಬಳಕೆದಾರರು `573/577` ಅಂತ ಟೈಪ್ ಮಾಡಿದರು ಅಂದುಕೊಳ್ಳಿ. ಪ್ಯಾಟರ್ನ್ 573ಕ್ಕೇ ಮುಗಿಯುತ್ತದೆ, ಉಳಿದ 577 ಮಾಡಿಫೈಯರ್ (ಹುಡುಕುವ ರೀತಿಯನ್ನು ಬದಲಿಸುವ, ಕೊನೆಯಲ್ಲಿ ಬರುವ ಅಕ್ಷರ) ಆಗಿಬಿಡುತ್ತದೆ. ಅಂಥ ಮಾಡಿಫೈಯರ್ ಇಲ್ಲ ಅಂತ ಎಚ್ಚರಿಕೆ ಬರುತ್ತದೆ.

ಇಲ್ಲಿ ಎಚ್ಚರಿಕೆಯಷ್ಟೇ ಬಂತು. ಹಳೆಯ ಪಿಎಚ್‌ಪಿಯಲ್ಲಿ ಪ್ರೆಗ್_ರಿಪ್ಲೇಸ್‌ಗೆ "ಇ" (`e`) ಅನ್ನುವ ಮಾಡಿಫೈಯರ್ ಇತ್ತು. ಬದಲಿ ಪಠ್ಯವನ್ನು ಅದು ಪಿಎಚ್‌ಪಿ ಕೋಡ್ ಆಗಿ ಓಡಿಸುತ್ತಿತ್ತು. ಓರೆಗೆರೆ ಹಾಕಿ ಅದನ್ನು ಸೇರಿಸಿದವರಿಗೆ ಸರ್ವರ್ ಕೈಗೆ ಸಿಕ್ಕಂತೆ. 5.5ರಲ್ಲಿ ಅದನ್ನು ಬೇಡ ಅಂದರು, 7.0ರಲ್ಲಿ ತೆಗೆದೇಹಾಕಿದರು. ಪಿಎಚ್‌ಪಿ 5 ಬೇಡ ಅಂದದ್ದು ಇದಕ್ಕೇ.

ಬಳಕೆದಾರರ ಓರೆಗೆರೆಯ ಮುಂದೆ ಬ್ಯಾಕ್‌ಸ್ಲ್ಯಾಶ್ ಸೇರಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಅವರು ಮೊದಲೇ `\/` ಬರೆದಿದ್ದರೆ ಅದು `\\/` ಆಗುತ್ತದೆ. ಎರಡು ಬ್ಯಾಕ್‌ಸ್ಲ್ಯಾಶ್ ಸೇರಿ ಒಂದು ಸಾದಾ ಬ್ಯಾಕ್‌ಸ್ಲ್ಯಾಶ್, ಓರೆಗೆರೆ ಮತ್ತೆ ಬಿಡುಗಡೆ. ಪ್ಯಾಟರ್ನ್ ಅಲ್ಲೇ ಮುಗಿಯಿತು.

ನನ್ನ ಆಯ್ಕೆ ಸರಳ. ಕೀಬೋರ್ಡ್‌ನಲ್ಲಿ ಯಾರೂ ಟೈಪ್ ಮಾಡದ ಚಿಹ್ನೆಯನ್ನೇ ಡಿಲಿಮಿಟರ್ ಮಾಡಿ: 1ನೇ ನಂಬರಿನ ಕಂಟ್ರೋಲ್ ಕ್ಯಾರೆಕ್ಟರ್. ಅಕ್ಷರ, ಅಂಕಿ, ಬ್ಯಾಕ್‌ಸ್ಲ್ಯಾಶ್, ಖಾಲಿ ಜಾಗ, ಸೊನ್ನೆ ಬೈಟ್ ಬಿಟ್ಟು ಬೇರೆ ಯಾವುದಾದರೂ ಒಂದು ಬೈಟಿನ ಚಿಹ್ನೆಯನ್ನು ಪಿಎಚ್‌ಪಿ ಡಿಲಿಮಿಟರ್ ಆಗಿ ಒಪ್ಪುತ್ತದೆ. ಬಳಕೆದಾರರ ಪ್ಯಾಟರ್ನ್‌ನಲ್ಲಿ ಆ ಚಿಹ್ನೆ ಇದ್ದರೆ ತಿರಸ್ಕರಿಸಿ. ಎಸ್ಕೇಪ್ ಮಾಡುವ ತಲೆನೋವೇ ಇಲ್ಲ.

ಮಾಡಿಫೈಯರ್‌ಗಳನ್ನು ಟೈಪ್ ಮಾಡಲು ಬಿಡಬೇಡಿ. ಚೆಕ್‌ಬಾಕ್ಸ್ ಕೊಡಿ: ದೊಡ್ಡಕ್ಷರ ಸಣ್ಣಕ್ಷರ ಒಂದೇ ಅಂತ ನೋಡು, ಸಾಲು ಸಾಲಾಗಿ ನೋಡು, ಚುಕ್ಕೆ ಹೊಸ ಸಾಲನ್ನೂ ಹಿಡಿಯಲಿ. ಸಣ್ಣಕ್ಷರದ ಯು (`u`) ಮಾಡಿಫೈಯರನ್ನು ನೀವೇ ಯಾವಾಗಲೂ ಸೇರಿಸಿ. ಅದಿಲ್ಲದಿದ್ದರೆ ಚುಕ್ಕೆ ಒಂದು ಬೈಟನ್ನು ಹಿಡಿಯುತ್ತದೆ, ಕನ್ನಡದ ಚಿಹ್ನೆ ಮೂರು ಚೂರಾಗುತ್ತದೆ. `(*` ಇಂದ ಶುರುವಾಗುವ ಪ್ಯಾಟರ್ನ್‌ಗಳು ಎಂಜಿನ್‌ಗೇ ಆಜ್ಞೆ ಕೊಡುವಂಥವು. ಸಾಮಾನ್ಯ ಬಳಕೆದಾರರಿಗೆ ಅವು ಬೇಕಾಗುವುದಿಲ್ಲ, ತಿರಸ್ಕರಿಸಿ.

## ಹಂತ 5: ಕಂಪೈಲ್ ಆಗುತ್ತದೆಯೇ ಅಂತ ನೋಡಿ

ಪ್ಯಾಟರ್ನನ್ನು ಖಾಲಿ ಪಠ್ಯದ ಮೇಲೆ ಒಂದು ಸಲ ಓಡಿಸಿ. ಆವರಣ ಮುಚ್ಚಿಲ್ಲ, ಚೌಕ ಆವರಣ ತಪ್ಪಾಗಿದೆ ಅನ್ನುವಂಥ ದೋಷಗಳು ಇಲ್ಲೇ ಸಿಗುತ್ತವೆ. ಪ್ರೆಗ್_ಮ್ಯಾಚ್ ಫಾಲ್ಸ್ ಕೊಟ್ಟು ಒಂದು ಎಚ್ಚರಿಕೆಯನ್ನೂ ಹೊರಡಿಸುತ್ತದೆ.

ಆ ಎಚ್ಚರಿಕೆ ಹಾಗೇ ತೆರೆಯ ಮೇಲೆ ಬರಬಾರದು. ಅದರಲ್ಲಿ ನಿಮ್ಮ ಫೈಲ್‌ನ ಪೂರ್ತಿ ದಾರಿ ಇರುತ್ತದೆ. ಡಿಸ್‌ಪ್ಲೇ_ಎರರ್ಸ್ ಆಫ್ ಮಾಡಿ, ಎಚ್ಚರಿಕೆಯನ್ನು ಸೆಟ್_ಎರರ್_ಹ್ಯಾಂಡ್ಲರ್‌ನಲ್ಲಿ ಹಿಡಿದುಕೊಳ್ಳಿ. ಬಳಕೆದಾರರಿಗೆ ಏನು ತಪ್ಪು, ಎಲ್ಲಿ ತಪ್ಪು ಅನ್ನುವುದನ್ನು ಮಾತ್ರ ತೋರಿಸಿ.

"ಎಲ್ಲಿ" ಅನ್ನುವಲ್ಲಿ ಕನ್ನಡಕ್ಕೆ ಒಂದು ತೊಡಕಿದೆ. ಎಂಜಿನ್ ಹೇಳುವ ಜಾಗ ಬೈಟ್ ಲೆಕ್ಕದ್ದು. `(ಹಾಸನ` ಅಂತ ಬರೆದು ಆವರಣ ಮುಚ್ಚದಿದ್ದರೆ ದೋಷ 13ರಲ್ಲಿದೆ ಅನ್ನುತ್ತದೆ. ಆವರಣಕ್ಕೆ 1, ಹ, ದೀರ್ಘದ ಗುರುತು, ಸ, ನ ಇವಕ್ಕೆ ಮೂರು ಮೂರರಂತೆ 12. ಬಳಕೆದಾರರಿಗೆ 13 ಅಂದರೆ ಏನೂ ಅರ್ಥ ಆಗುವುದಿಲ್ಲ, ಅಲ್ವಾ? ಪ್ಯಾಟರ್ನ್‌ನ ಅಷ್ಟು ಬೈಟ್‌ಗಳನ್ನು ಕತ್ತರಿಸಿ, ಆ ತುಂಡಿನ ಉದ್ದವನ್ನು ಗ್ರಾಫೀಮ್_ಸ್ಟ್ರ್‌ಲೆನ್‌ನಿಂದ ಎಣಿಸಿ. ಆಗ 4 ಬರುತ್ತದೆ. ಕಣ್ಣಿಗೆ ಕಾಣುವುದೂ ಅಷ್ಟೇ.

## ಹಂತ 6: ಬ್ಯಾಕ್‌ಟ್ರ್ಯಾಕಿಂಗ್‌ಗೆ ಮಿತಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಬೀಳುವುದು ಇಲ್ಲೇ.

ಈ ಪ್ಯಾಟರ್ನ್ ನೋಡಿ:

`^([0-9]+)+$`

ನೋಡಲು ಪಾಪದ್ದು. ಅಂಕಿಗಳ ಸಾಲು ಬೇಕು ಅನ್ನುತ್ತಿದೆ, ಅಷ್ಟೇ. ಇದಕ್ಕೆ 573201ನ್ನು ಐದು ಸಲ ಒತ್ತಾಗಿ ಬರೆದು, ಕೊನೆಯಲ್ಲಿ ಒಂದು ಅಡ್ಡಗೆರೆ ಹಾಕಿದ ಪಠ್ಯ ಕೊಡಿ. 30 ಅಂಕಿ, ಒಂದು ಅಡ್ಡಗೆರೆ. ಹೊಂದುವುದಿಲ್ಲ ಅಂತ ನಮಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಎಂಜಿನ್‌ಗೆ ಗೊತ್ತಾಗುವುದಿಲ್ಲ. 30 ಅಂಕಿಗಳನ್ನು ಒಂದೇ ಗುಂಪಾಗಿ ನೋಡುತ್ತದೆ, 29 ಮತ್ತು 1 ಅಂತ ನೋಡುತ್ತದೆ, 28 ಮತ್ತು 2, 28 ಮತ್ತು 1 ಮತ್ತು 1, ಹೀಗೇ. ಹೀಗೆ ಹಿಂದೆ ಬಂದು ಇನ್ನೊಂದು ಬಗೆ ನೋಡುವುದೇ ಬ್ಯಾಕ್‌ಟ್ರ್ಯಾಕಿಂಗ್. ಒಟ್ಟು ಬಗೆಗಳು 2ರ 29ನೇ ಘಾತ, ಅಂದರೆ 53,68,70,912. ಇನ್ನೊಂದು ಅಂಕಿ ಸೇರಿಸಿದರೆ ಅದರ ಎರಡರಷ್ಟು.

ಪಿಎಚ್‌ಪಿಯಲ್ಲಿ ಪಿಸಿಆರ್‌ಇ ಬ್ಯಾಕ್‌ಟ್ರ್ಯಾಕ್_ಲಿಮಿಟ್ ಅನ್ನುವ ಸೆಟ್ಟಿಂಗ್ ಇದೆ. ಮೊದಲೇ ಇರುವ ಬೆಲೆ 10 ಲಕ್ಷ. ಮಿತಿ ದಾಟಿದರೆ ಎಂಜಿನ್ ಕೈಬಿಟ್ಟು ಫಾಲ್ಸ್ ಕೊಡುತ್ತದೆ. ಹಾಗಾದರೆ ಪಿಎಚ್‌ಪಿಯವರಿಗೆ ಭಯವೇ ಇಲ್ಲವಾ? ಇದೆ, ಮೂರು ಕಾರಣಕ್ಕೆ.

ಮೊದಲನೆಯದು, ಯಾವುದೋ ಒಳ್ಳೆಯ ಪ್ಯಾಟರ್ನ್ ಫೇಲ್ ಆಯಿತು ಅಂತ ಎಲ್ಲೋ ಓದಿ ಈ ಮಿತಿಯನ್ನು 10 ಕೋಟಿಗೆ ಏರಿಸಿಟ್ಟಿರುತ್ತಾರೆ. ಇನ್ನೊಬ್ಬರು ಮಾಡಿಕೊಟ್ಟ ಸರ್ವರ್ ಆದರೆ ಪಿಎಚ್‌ಪಿ ಐಎನ್‌ಐ ಫೈಲ್ ತೆರೆದು ನೋಡಿ.

ಎರಡನೆಯದು ಕಡಿಮೆ ಜನಕ್ಕೆ ಗೊತ್ತಿರುವುದು. ಪ್ಯಾಟರ್ನ್ `^` ತರಹದ ಗುರುತಿನಿಂದ ಒಂದು ಜಾಗಕ್ಕೆ ಕಟ್ಟಿಲ್ಲದಿದ್ದರೆ, ಪಠ್ಯದ ಪ್ರತಿ ಜಾಗದಿಂದ ಹೊಸದಾಗಿ ಹುಡುಕುವಾಗ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 5,000 ಜಾಗ ಇದ್ದರೆ, ಒಂದೊಂದರಲ್ಲೂ ಮಿತಿಯ ಹತ್ತಿರದವರೆಗೆ ಓಡಿ ಸುಮ್ನೆ ಹಿಂದೆ ಬರುವ ಪ್ಯಾಟರ್ನ್ ಬರೆಯಲು ಸಾಧ್ಯ. ಅಂದರೆ ಈ ಮಿತಿ ಗಡಿಯಾರದ ಕೆಲಸ ಮಾಡುವುದಿಲ್ಲ.

ಮೂರನೆಯದು, ಪ್ರೆಗ್_ಮ್ಯಾಚ್_ಆಲ್ ಒಂದೊಂದು ಹೊಂದಿಕೆಗೂ ಎಂಜಿನ್ನನ್ನು ಮತ್ತೆ ಕರೆಯುತ್ತದೆ. ಪ್ರತಿ ಕರೆಗೂ ಪೂರ್ತಿ ಮಿತಿ ಹೊಸದಾಗಿ ಸಿಗುತ್ತದೆ.

ಹಾಗಾಗಿ ಈ ಸ್ಕ್ರಿಪ್ಟ್‌ಗೆ ಮಾತ್ರ ಮಿತಿಯನ್ನು 1 ಲಕ್ಷಕ್ಕೆ ಇಳಿಸಿ. ಜಿಟ್ ಕಂಪೈಲರನ್ನು (ವೇಗಕ್ಕಾಗಿ ಪ್ಯಾಟರ್ನನ್ನು ಮಷೀನ್ ಕೋಡ್ ಮಾಡುವ ಭಾಗ) ಇನಿ_ಸೆಟ್‌ನಿಂದ ಆಫ್ ಮಾಡಿ. ಜಿಟ್ ಇದ್ದಾಗ ಈ ಮಿತಿ ಬೇರೆ ರೀತಿ ಎಣಿಕೆಯಾಗುತ್ತದೆ, ಜೊತೆಗೆ ಜಿಟ್ ಸ್ಟ್ಯಾಕ್ ಸಾಲದು ಅನ್ನುವ ಬೇರೆ ದೋಷವೂ ಬರಬಹುದು. ಪರೀಕ್ಷಾ ಟೂಲ್‌ಗೆ ವೇಗಕ್ಕಿಂತ ಒಂದೇ ತರಹದ ನಡವಳಿಕೆ ಮುಖ್ಯ.

ಇಲ್ಲಿ ಬುದ್ಧಿವಂತರು ಇನ್ನೊಂದು ದಾರಿ ಹಿಡಿಯುತ್ತಾರೆ: ಪ್ಲಸ್ ಒಳಗೆ ಪ್ಲಸ್ ಇದೆಯಾ ಅಂತ ಇನ್ನೊಂದು ರೆಗೆಕ್ಸ್‌ನಿಂದ ಹುಡುಕಿ ತಿರಸ್ಕರಿಸುವುದು. ಇದನ್ನು ನಂಬಬೇಡಿ. `^(5|7|57)+$` ನೋಡಿ. ಪ್ಲಸ್ ಒಂದೇ. ಆದರೆ 57 ಅನ್ನುವುದನ್ನು ಎರಡು ಬಗೆಯಲ್ಲಿ ಹಿಡಿಯಬಹುದು. 575757 ಅಂತ 30 ಜೋಡಿ ಬರೆದು ಕೊನೆಗೆ ಅಡ್ಡಗೆರೆ ಹಾಕಿದರೆ ಮತ್ತೆ ನೂರು ಕೋಟಿ ದಾಟುತ್ತದೆ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಮಲಗಿದ್ದು ಸಾಲಿನ ತುದಿಯ ಖಾಲಿ ಜಾಗ ತೆಗೆಯುವ ಒಂದು ರೆಗೆಕ್ಸ್‌ನಿಂದ. ಅದರಲ್ಲಿ ಒಳಗೊಳಗೆ ಪ್ಲಸ್ ಇರಲೇ ಇಲ್ಲ. ಒಂದು ಪೋಸ್ಟ್‌ನಲ್ಲಿ ಸುಮಾರು 20,000 ಖಾಲಿ ಜಾಗ ಒಟ್ಟಿಗೆ ಇದ್ದವು, ಅಷ್ಟೇ. ಅದನ್ನು ಬರೆದವರು ಪಕ್ಕಾ ಪ್ರೋಗ್ರಾಮರ್‌ಗಳು. ನಮ್ಮ ಎಸ್ಟೇಟ್ ರೈಟರ್ ಗೊತ್ತಿಲ್ಲದೆ ಅಂಥದ್ದು ಬರೆದರೆ ಆಶ್ಚರ್ಯ ಏನಿದೆ?

## ಹಂತ 7: ಬೇರೆ ಪ್ರೊಸೆಸ್, ಅದಕ್ಕೊಂದು ಗಡಿಯಾರ

ನಿಜವಾದ ರಕ್ಷಣೆ ಇದು. ಹಂತ 5, 6ರ ಕೆಲಸ ಮುಖ್ಯ ಸ್ಕ್ರಿಪ್ಟ್‌ನಲ್ಲಿ ನಡೆಯಬಾರದು. ಅದಕ್ಕೆಂದೇ ಒಂದು ಪುಟ್ಟ ವರ್ಕರ್ ಸ್ಕ್ರಿಪ್ಟ್ ಇರಲಿ, ಅದನ್ನು ಪ್ರಾಕ್_ಓಪನ್‌ನಿಂದ ಕರೆಯಿರಿ.

ಸೆಟ್_ಟೈಮ್_ಲಿಮಿಟ್ ಸಾಲದೇ ಅಂತ ಕೇಳುವವರು ಬಹಳ. ಸಾಲದು. ಎಂಜಿನ್ ಒಳಗೆ ಲೆಕ್ಕ ನಡೆಯುತ್ತಿರುವಾಗ ಪಿಎಚ್‌ಪಿ ಆ ಮಿತಿಯನ್ನು ಗಮನಿಸುವುದು ಫಂಕ್ಷನ್ ವಾಪಸ್ ಬಂದ ಮೇಲೆ. ಇಲ್ಲವೇ ಇಡೀ ಪ್ರೊಸೆಸ್ ಸತ್ತು ಬಳಕೆದಾರರಿಗೆ 502 ದೋಷದ ಪುಟ ಕಾಣಬಹುದು. ಕಮಾಂಡ್ ಲೈನ್‌ನಲ್ಲಿ ಓಡುವ ಪಿಎಚ್‌ಪಿಗಂತೂ ಕಾಲದ ಮಿತಿಯೇ ಇರುವುದಿಲ್ಲ.

ಕೆಲಸದ ಕ್ರಮ ಹೀಗೆ:

1. ಪ್ರಾಕ್_ಓಪನ್‌ಗೆ ಕಮಾಂಡನ್ನು ಒಂದೇ ಸಾಲಾಗಿ ಕೊಡಬೇಡಿ, ಅರೇ ಆಗಿ ಕೊಡಿ. ಪಿಎಚ್‌ಪಿ 7.4ರಿಂದ ಇದು ಇದೆ. ಆಗ ನಡುವೆ ಶೆಲ್ ಬರುವುದಿಲ್ಲ.
2. ಅರೇಯ ಮೊದಲ ಭಾಗ ಲಿನಕ್ಸ್‌ನ ಟೈಮ್‌ಔಟ್ ಕಮಾಂಡ್, 2 ಸೆಕೆಂಡ್. ಅದಕ್ಕೂ ಬಗ್ಗದಿದ್ದರೆ ಇನ್ನೊಂದು ಸೆಕೆಂಡಿಗೆ ಬಲವಂತವಾಗಿ ಕೊಲ್ಲುವ ಆಯ್ಕೆಯನ್ನೂ ಸೇರಿಸಿ.
3. ಆಮೇಲೆ ಕಮಾಂಡ್ ಲೈನ್ ಪಿಎಚ್‌ಪಿಯ ಪೂರ್ತಿ ದಾರಿ. ಪಿಎಚ್‌ಪಿ_ಬೈನರಿ ಅನ್ನುವ ಕಾನ್‌ಸ್ಟಂಟ್ ಬಳಸಬೇಡಿ. ವೆಬ್‌ನಿಂದ ಓಡುವಾಗ ಅದು ಎಫ್‌ಪಿಎಂ (ವೆಬ್ ಸರ್ವರ್‌ಗಾಗಿ ಪಿಎಚ್‌ಪಿ ಓಡಿಸುವ ಪ್ರೋಗ್ರಾಂ) ಕಡೆ ಕೈ ತೋರಿಸುತ್ತದೆ.
4. ಪ್ಯಾಟರ್ನ್, ಪಠ್ಯ ಎರಡನ್ನೂ ಜೇಸನ್ ಮಾಡಿ ವರ್ಕರ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಬರೆಯಿರಿ, ಪೈಪ್ ಮುಚ್ಚಿ. ಕಮಾಂಡ್ ಲೈನ್‌ನಲ್ಲಿ ಪ್ಯಾಟರ್ನ್ ಹೋಗಲೇಬಾರದು.
5. ಉತ್ತರವನ್ನು ಕೊನೆಯವರೆಗೆ ಓದಿ, ಆಮೇಲೆ ಪ್ರಾಕ್_ಕ್ಲೋಸ್. ಅದು ಕೊಡುವ ಸಂಖ್ಯೆ 124 ಆದರೆ ಸಮಯ ಮುಗಿದು ನಿಂತಿತು ಅಂತ. ಬಲವಂತವಾಗಿ ಕೊಂದಿದ್ದರೆ 0 ಅಲ್ಲದ ಬೇರೆ ಸಂಖ್ಯೆ ಬರುತ್ತದೆ.

ಮೆಮೊರಿಗೂ ಗೋಡೆ ಬೇಕು. ಪಿಎಚ್‌ಪಿಯ ಮೆಮೊರಿ_ಲಿಮಿಟ್ ಒಂದನ್ನೇ ನಂಬಬೇಡಿ. ಪಿಆರ್‌ಲಿಮಿಟ್ ಕಮಾಂಡ್‌ನಿಂದ ವರ್ಕರ್‌ಗೆ ಒಟ್ಟು 512 ಎಂಬಿ ಅಂತ ಕಟ್ಟಿ ನೋಡಿ. ಪಿಎಚ್‌ಪಿ ಶುರುವಾಗುವುದಕ್ಕೇ ಸಾಲದಿದ್ದರೆ ಸ್ವಲ್ಪ ಏರಿಸಿ.

ಬಾಗಿಲ ಹೊರಗೂ ಎರಡು ಕೆಲಸ ಇವೆ. ಎಫ್‌ಪಿಎಂನಲ್ಲಿ ಈ ಪುಟಕ್ಕೆ ಬೇರೆ ಪೂಲ್ ಮಾಡಿ, ಒಟ್ಟಿಗೆ ಇಬ್ಬರಿಗಿಂತ ಜಾಸ್ತಿ ಜನರ ಕೆಲಸ ನಡೆಯದಂತೆ ಇಡಿ. ಪರೀಕ್ಷೆಯ ಪುಟ ತುಂಬಿದರೂ ಬಿಲ್ ಮಾಡುವ ಪುಟ ನಿಲ್ಲಬಾರದು. ಹಾಗೇ ಲಾಗಿನ್ ಇರುವ ಸೈಟ್ ಆದರೆ ವರ್ಕರ್ ಕರೆಯುವ ಮೊದಲು ಸೆಷನ್_ರೈಟ್_ಕ್ಲೋಸ್ ಕರೆಯಿರಿ. ಇಲ್ಲದಿದ್ದರೆ ಸೆಷನ್ ಫೈಲ್‌ಗೆ ಬೀಗ ಬಿದ್ದು ಅದೇ ವ್ಯಕ್ತಿಯ ಬೇರೆ ಟ್ಯಾಬ್‌ಗಳೂ ಕಾಯುತ್ತಾ ಕೂರುತ್ತವೆ.

ಪಿಎಚ್‌ಪಿ ಹಟ ಇಲ್ಲದವರಿಗೆ ಒಂದು ಮಾತು. ವರ್ಕರನ್ನು ಗೋ ಭಾಷೆಯಲ್ಲಿ ಬರೆದರೆ ಈ ಘಾತದ ಲೆಕ್ಕದ ಸಮಸ್ಯೆಯೇ ಬರುವುದಿಲ್ಲ. ಅದರ ರೆಗೆಕ್ಸ್ ಎಂಜಿನ್ ಪಠ್ಯದ ಉದ್ದಕ್ಕೆ ತಕ್ಕಷ್ಟೇ ಸಮಯ ತೆಗೆದುಕೊಳ್ಳುತ್ತದೆ. ಬ್ಯಾಕ್‌ರೆಫರೆನ್ಸ್, ಲುಕ್‌ಅಹೆಡ್ ಸಿಗುವುದಿಲ್ಲ. ಬಿಲ್ ಹುಡುಕಲು ಅವು ಯಾರಿಗೆ ಬೇಕು? ರೂಬಿ 3.2ರಿಂದ ಮತ್ತು ಡಾಟ್‌ನೆಟ್‌ನಲ್ಲಿ ರೆಗೆಕ್ಸ್‌ಗೇ ಟೈಮ್‌ಔಟ್ ಕೊಡಬಹುದು. ಪೈಥಾನ್‌ನ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ ಟೈಮ್‌ಔಟೂ ಇಲ್ಲ, ಬ್ಯಾಕ್‌ಟ್ರ್ಯಾಕ್ ಮಿತಿಯೂ ಇಲ್ಲ. ಅಲ್ಲಿ ಬೇರೆ ಪ್ರೊಸೆಸ್ ಮಾಡಲೇಬೇಕು.

## ಹಂತ 8: ಉತ್ತರ ಮೂರು ತರಹ ಇರುತ್ತದೆ

ಪ್ರೆಗ್_ಮ್ಯಾಚ್ 1 ಕೊಟ್ಟರೆ ಹೊಂದಿತು. 0 ಕೊಟ್ಟರೆ ಹೊಂದಲಿಲ್ಲ. ಫಾಲ್ಸ್ ಕೊಟ್ಟರೆ ಎಂಜಿನ್ ಉತ್ತರವನ್ನೇ ಕಂಡುಹಿಡಿಯಲಿಲ್ಲ. ಆಶ್ಚರ್ಯಸೂಚಕ ಹಾಕಿ "ಹೊಂದದಿದ್ದರೆ" ಅಂತ ಬರೆದ ಕೋಡ್ 0 ಮತ್ತು ಫಾಲ್ಸ್ ಎರಡನ್ನೂ ಒಂದೇ ಅಂದುಕೊಳ್ಳುತ್ತದೆ. ಮೂರು ಸಮ ಚಿಹ್ನೆಯಿಂದ ಫಾಲ್ಸನ್ನು ಬೇರೆಯಾಗಿ ನೋಡಿ. ತಕ್ಷಣ, ಬೇರೆ ಯಾವ ಪ್ರೆಗ್ ಫಂಕ್ಷನ್ನನ್ನೂ ಕರೆಯುವ ಮೊದಲು, ಪ್ರೆಗ್_ಲಾಸ್ಟ್_ಎರರ್_ಎಂಎಸ್‌ಜಿಯಿಂದ ಕಾರಣ ತೆಗೆದಿಟ್ಟುಕೊಳ್ಳಿ.

ಎಲ್ಲ ಹೊಂದಿಕೆಗಳೂ ಬೇಕಾದರೆ ಪ್ರೆಗ್_ಮ್ಯಾಚ್_ಆಲ್ ಬಿಡಿ. ಪ್ರೆಗ್_ಮ್ಯಾಚನ್ನು ಆಫ್‌ಸೆಟ್ ಕೊಟ್ಟು ಲೂಪ್‌ನಲ್ಲಿ ಕರೆಯಿರಿ, 200 ಆದ ಮೇಲೆ ನಿಲ್ಲಿಸಿ. ಪಠ್ಯವನ್ನೇ ಕತ್ತರಿಸಿ ಕೊಟ್ಟರೆ `^` ಗುರುತು ತಪ್ಪು ಜಾಗದಲ್ಲಿ ಹೊಂದುತ್ತದೆ, ಹಾಗೆ ಮಾಡಬೇಡಿ.

ಲೂಪ್‌ನಲ್ಲಿ ಒಂದು ಗುಂಡಿ ಇದೆ. `[0-9]*` ತರಹದ ಪ್ಯಾಟರ್ನ್ ಖಾಲಿ ಹೊಂದಿಕೆ ಕೊಡುತ್ತದೆ. ಆಫ್‌ಸೆಟ್ ಮುಂದೆ ಹೋಗದಿದ್ದರೆ ಲೂಪ್ ಮುಗಿಯುವುದೇ ಇಲ್ಲ. ಒಂದು ಬೈಟ್ ಮುಂದೆ ತಳ್ಳಿದರೆ ಕನ್ನಡ ಚಿಹ್ನೆಯ ನಡುವೆ ಬಿದ್ದು ಯುಟಿಎಫ್-8 ಆಫ್‌ಸೆಟ್ ದೋಷ ಬರುತ್ತದೆ. ಅಲ್ಲಿರುವ ಚಿಹ್ನೆ ಎಷ್ಟು ಬೈಟ್ ಅಂತ ನೋಡಿ ಅಷ್ಟು ತಳ್ಳಿ.

## ಹಂತ 9: ತೆರೆಯ ಮೇಲೆ ತರುವುದು

ಹೊಂದಿದ ಭಾಗಕ್ಕೆ ಬಣ್ಣ ಹಚ್ಚಿ ತೋರಿಸುವ ಆಸೆ ಎಲ್ಲರಿಗೂ ಇರುತ್ತದೆ. ಕ್ರಮ ತಪ್ಪಿದರೆ ಇಲ್ಲಿ ಸ್ಕ್ರಿಪ್ಟ್ ನುಗ್ಗಿಸುವ ದಾರಿ ತೆರೆಯುತ್ತದೆ.

ಮೊದಲು ಮೂಲ ಪಠ್ಯದ ಮೇಲೆ ರೆಗೆಕ್ಸ್. ಆಮೇಲೆ ಪಠ್ಯವನ್ನು ಹೊಂದಿದ, ಹೊಂದದ ತುಂಡುಗಳಾಗಿ ಕತ್ತರಿಸುವುದು. ಆಮೇಲೆ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್‌ಗೆ ಕೊಡುವುದು. ಕೊನೆಗೆ ಹೊಂದಿದ ತುಂಡುಗಳಿಗೆ ಮಾರ್ಕ್ ಟ್ಯಾಗ್ ಸುತ್ತಿ ಜೋಡಿಸುವುದು. ಮೊದಲೇ ಎಸ್ಕೇಪ್ ಮಾಡಿ ಆಮೇಲೆ ಹುಡುಕಿದರೆ "ಕಾಫಿ & ಮೆಣಸು" ಅನ್ನುವ ಸಾಲಿನಲ್ಲಿ ಇಲ್ಲದ ಅರ್ಧವಿರಾಮ ಚಿಹ್ನೆ ಸಿಗುತ್ತದೆ. ಆಫ್‌ಸೆಟ್‌ಗಳು ಇಲ್ಲೂ ಬೈಟ್ ಲೆಕ್ಕದವೇ. ಆದ್ದರಿಂದ ಕತ್ತರಿಸಲು ಎಂಬಿ ಇಲ್ಲದ ಸಾದಾ ಸಬ್‌ಸ್ಟ್ರ್ ಬಳಸಿ. ಪ್ಯಾಟರ್ನನ್ನೂ ದೋಷದ ಸಂದೇಶವನ್ನೂ ಎಸ್ಕೇಪ್ ಮಾಡಲು ಮರೆಯಬೇಡಿ.

ಟೂಲ್ ಸರಿಯಿದ್ದರೂ "ಕನ್ನಡ ಸಿಗ್ತಾ ಇಲ್ಲ" ಅನ್ನುವ ದೂರುಗಳು ಬರುತ್ತವೆ. ಪುಟದ ಕೆಳಗೆ ಸಹಾಯದ ಸಾಲುಗಳಲ್ಲಿ ಇವನ್ನು ಬರೆದಿಡಿ. `[ಅ-ಹ]+` ಅಂತ ಕೊಟ್ಟರೆ "ಹಾಸನ" ಪೂರ್ತಿ ಸಿಗುವುದಿಲ್ಲ. "ಹ" ಒಂದು ಕಡೆ, "ಸನ" ಇನ್ನೊಂದು ಕಡೆ. ದೀರ್ಘದ ಗುರುತು ಆ ವ್ಯಾಪ್ತಿಯ ಹೊರಗಿದೆ. ಬ್ಯಾಕ್‌ಸ್ಲ್ಯಾಶ್-ಡಿ (`\d`) ಕೊಟ್ಟರೆ ೫೭೩೨೦೧ ಕೂಡ ಸಿಗುತ್ತದೆ, `[0-9]` ಕೊಟ್ಟರೆ 573201 ಮಾತ್ರ. "ಪಾರ್ಚ್‌ಮೆಂಟ್" ಪದದಲ್ಲಿ ಚ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪ್ ಮಾಡಿದರೆ ಎರಡೂ ಹೊಂದುವುದಿಲ್ಲ. ಹುಡುಕುವ ಮೊದಲು ಪಠ್ಯ, ಪ್ಯಾಟರ್ನ್ ಎರಡರಿಂದಲೂ ಆ ಚಿಹ್ನೆ ತೆಗೆಯುವ ಚೆಕ್‌ಬಾಕ್ಸ್ ಒಂದು ಕೊಟ್ಟರೆ ಒಳ್ಳೆಯದು.

## ಹಂತ 10: ನೀವೇ ಮುರಿಯಲು ನೋಡಿ

ಆಫೀಸಿಗೆ ಕೊಡುವ ಮೊದಲು ಇವಿಷ್ಟನ್ನೂ ಓಡಿಸಿ: 30 ಅಂಕಿ ಮತ್ತು ಅಡ್ಡಗೆರೆಗೆ `^([0-9]+)+$`, 57ರ ಜೋಡಿಗಳಿಗೆ `^(5|7|57)+$`, ಮುಚ್ಚದ ಆವರಣ, `573/577`, `[0-9]*`, ಖಾಲಿ ಪ್ಯಾಟರ್ನ್, ಪಠ್ಯದ ಜಾಗದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್, ಬರೀ ಖಾಲಿ ಜಾಗಗಳಿಂದ ತುಂಬಿದ 15,000 ಬೈಟ್. ಪ್ರತಿಯೊಂದಕ್ಕೂ 3 ಸೆಕೆಂಡ್ ಒಳಗೆ ಓದಿದರೆ ಅರ್ಥವಾಗುವ ಉತ್ತರ ಬರಬೇಕು. ಟೈಮ್‌ಔಟ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ವರ್ಕರ್‌ನಲ್ಲಿ ತಾತ್ಕಾಲಿಕವಾಗಿ 10 ಸೆಕೆಂಡ್ ಸ್ಲೀಪ್ ಹಾಕಿ ಓಡಿಸಿ. 124 ಬರದಿದ್ದರೆ ಹಂತ 7ಕ್ಕೆ ವಾಪಸ್ ಹೋಗಿ.

ಓಡಲು ಬಿಟ್ಟ ಮೇಲೆ ಗಮನಿಸಬೇಕಾದ ಲಕ್ಷಣಗಳು ಇವು. ಟಾಪ್‌ನಲ್ಲಿ ಒಂದು ಪಿಎಚ್‌ಪಿ ಪ್ರೊಸೆಸ್ 100 ಪರ್ಸೆಂಟ್‌ನಲ್ಲಿ ಕೂತು 3 ಸೆಕೆಂಡ್ ಆದರೂ ಇಳಿಯದಿದ್ದರೆ, ಎಲ್ಲೋ ವರ್ಕರ್ ಬಿಟ್ಟು ಮುಖ್ಯ ಸ್ಕ್ರಿಪ್ಟ್‌ನಲ್ಲೇ ರೆಗೆಕ್ಸ್ ಓಡುತ್ತಿದೆ. ಲಾಗ್‌ನಲ್ಲಿ ಒಂದೇ ಐಪಿಯಿಂದ 124 ಸಾಲಾಗಿ ಬರುತ್ತಿದ್ದರೆ ಆ ವಿಳಾಸಕ್ಕೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನಲ್ಲಿ ರೇಟ್ ಮಿತಿ ಹಾಕಿ. "ನಿನ್ನೆ ಸಿಗುತ್ತಿದ್ದ ಬಿಲ್ ಇವತ್ತು ಸಿಗುತ್ತಿಲ್ಲ" ಅಂತ ಯಾರಾದರೂ ಅಂದರೆ ಪಠ್ಯ ಉದ್ದವಾಗಿ ಬ್ಯಾಕ್‌ಟ್ರ್ಯಾಕ್ ಮಿತಿ ಮುಟ್ಟಿದೆಯೇ ನೋಡಿ. ಆಗ ಮಿತಿ ಏರಿಸಬೇಡಿ. ಪ್ಯಾಟರ್ನನ್ನು ಲಾಗ್‌ನಿಂದ ತೆಗೆದು ನಿಮ್ಮ ಪರೀಕ್ಷಾ ಪಟ್ಟಿಗೆ ಸೇರಿಸಿ, ಬರೆದವರಿಗೆ ಫೋನ್ ಮಾಡಿ, `([0-9]+)+` ಬದಲು `[0-9]+` ಸಾಕಲ್ಲ ಅಂತ ತೋರಿಸಿಕೊಡಿ.